ಕಾಗೆ ಮತ್ತು ಇದ್ದಿಲು

ಮೈಸೂರಿನ ಆರ್.ಕೆ. ಲಕ್ಷ್ಮಣ್ (1921–2015) ಬಾಲ್ಯದಲ್ಲಿ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಟ್ಟವರಲ್ಲ. ಮುಖ್ಯೋಪಾಧ್ಯಾಯರ ಮನೆಯಲ್ಲೇ ಈ ಗೀಚಾಟ! ತರಗತಿಯಲ್ಲಿ ಬರೆದ ಅರಳಿ ಎಲೆಯನ್ನು ಕಂಡು ಮೇಷ್ಟ್ರು ಮೆಚ್ಚಿದ್ದರು. ಆದರೆ ಮುಂಬಯಿಯ ಜೆ.ಜೆ. ಕಲಾಶಾಲೆ ಮಾತ್ರ, ಪ್ರವೇಶ ಕೊಡುವಷ್ಟು ಪ್ರತಿಭೆ ಇಲ್ಲವೆಂದು ಅರ್ಜಿಯನ್ನು ತಳ್ಳಿಹಾಕಿತು.

ಮುಂದೇನು? ಮೈಸೂರಿನಲ್ಲೇ ಬಿ.ಎ. ಓದಿದರು. ಅಣ್ಣ ನಾರಾಯಣರ ಕಥೆಗಳಿಗೂ ಕನ್ನಡದ ‘ಕೊರವಂಜಿ’ಗೂ ಚಿತ್ರ ಬರೆದರು. ಓದೋ ಚಿತ್ರವೋ ಎಂದು ಮಕ್ಕಳನ್ನು ಗದರಿಸುವ ತಂದೆತಾಯಿಗಳು ಇದನ್ನು ಗಮನಿಸಬೇಕು. ಅವರು ಎರಡನ್ನೂ ಬಿಡಲಿಲ್ಲ. 1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಲಕ್ಷ್ಮಣ್ ಬಾಲ್ಯದಿಂದ ಕೊನೆಯವರೆಗೂ ಬಿಡದೆ ಬರೆದ ಹಕ್ಕಿ ಕಾಗೆ. ಯಲಹಂಕ ಕೆರೆಯ ಏರಿಯ ಮೇಲೆ ನಮಗೂ ಅದಕ್ಕೆ ಬರವಿಲ್ಲ. ಅವರ ಸಾಧನ ಕುಂಚ ಮತ್ತು ಕಪ್ಪು ಶಾಯಿ. ಹೊಸದಾಗಿ ಕಲಿಯುವವರಿಗೆ ಅದಕ್ಕಿಂತ ಸುಲಭವಾದ ಕಪ್ಪು ಒಂದಿದೆ, ಇದ್ದಿಲು. ಹಿಂದೆ ತೊಂಡೆ ಸೊಪ್ಪಿನ ಜೊತೆ ಅರೆದು ಶಾಲೆಯ ಬೋರ್ಡಿಗೆ ಬಳಿಯುತ್ತಿದ್ದೆವಲ್ಲ, ಅದೇ.

ಪೆನ್ಸಿಲ್ಲಿನ ಗ್ರಾಫೈಟೂ ಇಂಗಾಲ, ಇದ್ದಿಲೂ ಬಹುಪಾಲು ಇಂಗಾಲ. ಗ್ರಾಫೈಟಿನಲ್ಲಿ ಪದರಗಳು ಒಂದರ ಮೇಲೊಂದು ಜಾರುತ್ತವೆ, ಗೆರೆ ಹೊಳೆಯುತ್ತದೆ. ಇದ್ದಿಲಿನ ತುಂಬ ಸಣ್ಣ ರಂಧ್ರಗಳು. ಬಿದ್ದ ಬೆಳಕು ಅಲ್ಲೇ ಅಡಗುವುದರಿಂದ ಹೊಳಪಿಲ್ಲದ ಗಾಢ ಕಪ್ಪು. ಪುಡಿ ಕಾಗದದ ತರಿಯಲ್ಲಿ ಸಡಿಲವಾಗಿ ಕೂರುತ್ತದೆ. ಆದ್ದರಿಂದ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು, ತಪ್ಪಿಗೆ ಹೆದರಬೇಕಿಲ್ಲ. ಇಸ್ತ್ರಿ ಪೆಟ್ಟಿಗೆಯ ಇದ್ದಿಲು ಗಟ್ಟಿ, ಕಾಗದ ಗೀರುತ್ತದೆ. ಗಾಳಿಯಾಡದಂತೆ ಮುಚ್ಚಿ ಕಾಯಿಸಿದ ವಿಲೋ ಮರದ ಕಡ್ಡಿಗಳು ಅಂಗಡಿಯಲ್ಲಿ ಸಿಗುತ್ತವೆ, ಅವೇ ಮೇಲು.

ಕಡ್ಡಿಯನ್ನು ಅಡ್ಡಲಾಗಿ ಹಿಡಿದು ಮೊದಲು ಕಾಗೆಯ ನೆರಳನ್ನಷ್ಟೇ ತುಂಬಿ. ರೆಕ್ಕೆಯ ಮೇಲೆ ಬಿಸಿಲು ಬಿದ್ದ ಕಡೆ ರಬ್ಬರಿನಿಂದ ಕಪ್ಪನ್ನು ಎತ್ತಿ. ಆಗ ತಿಳಿಯುತ್ತದೆ, ಕಾಗೆ ಎಲ್ಲ ಕಡೆಯೂ ಕಪ್ಪಲ್ಲ! ಕತ್ತು ಬೂದು, ಬೆನ್ನಿನಲ್ಲಿ ನೀಲಿ ಮಿಂಚು. ಹೊರಗೆರೆಯಿಂದ ಶುರುಮಾಡುವವರಿಗೆ ಇದು ಬೇಗ ಕಾಣುವುದಿಲ್ಲ.

ವಿನ್ಸೆಂಟ್ ವ್ಯಾನ್ ಗೋ 27ನೆಯ ವಯಸ್ಸಿನಲ್ಲಿ, 1880ರಲ್ಲಿ, ಇದ್ದಿಲು ಚಿತ್ರಗಳ ಅಭ್ಯಾಸ ಪುಸ್ತಕವೊಂದನ್ನು ಮತ್ತೆ ಮತ್ತೆ ನಕಲು ಮಾಡಿಯೇ ಕೈ ಪಳಗಿಸಿಕೊಂಡ. ಬರೆದದ್ದು ಅಳಿಸದಿರಲೆಂದು ನೀರು ಬೆರೆಸಿದ ಹಾಲನ್ನು ಚಿತ್ರದ ಮೇಲೆ ಹಾಕುತ್ತಿದ್ದ. ಹಾಲಿನ ಕೇಸೀನ್ ಒಣಗಿ ಅಂಟಾಗುತ್ತದೆ. ಕೆನೆ ತೆಗೆದ ಹಾಲನ್ನು ತೆಳುವಾಗಿ, ದೂರದಿಂದ ಸಿಂಪಡಿಸಿದರೆ ಸಾಕು. ಮೊದಲು ಬೇಡದ ಹಾಳೆಯೊಂದರ ಮೇಲೆ ಪರೀಕ್ಷಿಸಿ ನೋಡಿ.