ತಂಬೂರಿ ಯಾಕ ಗರ್ ಅಂತದ?

ಅಮಾವಾಸ್ಯೆಯ ರಾತ್ರಿ. ಗುಡಿಯ ಕಟ್ಟೆಯ ಮೇಲೆ ಭಜನೆ ಕೂಡಿದೆ. ತಾಳ ಇದೆ. ದಮಡಿ ಇದೆ. ತಂಬೂರಿ ಮಾತ್ರ ಗೋಡೆಯ ಗೂಟದಲ್ಲಿ ತೂಗುತ್ತಿದೆ.

"ಅದನ್ನ ಯಾಕ ಇಳಿಸಿಲ್ಲವ್ವಾ?"

"ಅದು ಕೆಟ್ಟದರೀ ಅಕ್ಕಾ. ಗರ್ ಗರ್ ಅಂತದ."

ಯಾದಗಿರಿ, ಶಹಾಪುರ, ಸುರಪುರದ ಕಡೆ ತತ್ವಪದ ಹಾಡುವವರಿಗೆ ತಂಬೂರಿ ಬೇಕೇ ಬೇಕು. ಕಡಕೋಳ ಮಡಿವಾಳಪ್ಪನವರ ಪದ ಆಗಲಿ, ತಿಂಥಣಿ ಮೌನೇಶ್ವರರ ವಚನ ಆಗಲಿ, ತಂಬೂರಿಯ ಶ್ರುತಿ ಇದ್ದರೆ ದನಿ ದಾರಿ ತಪ್ಪುವುದಿಲ್ಲ. ಅಂಥ ತಂಬೂರಿ ಗರ್ ಅಂದರೆ ಕೆಟ್ಟಿತು ಎಂದೇ ತಿಳಿಯಬೇಕೇ? ಬೇಡ. ಮೊದಲು ಪರೀಕ್ಷೆ ಮಾಡೋಣ.

ತಂಬೂರಿಯ ಅಂಗಗಳು

ಕೆಳಗೆ ದುಂಡಗಿನ ಬುರುಡೆ ಇದೆ. ಬುರುಡೆಯ ಮುಂದೆ ಮರದ ಹಲಗೆ. ಹಲಗೆಯ ಮೇಲೆ ಒಂದು ಚಿಕ್ಕ ಪೀಠ ಇದೆ. ಇದಕ್ಕೆ ಕುದುರೆ ಎನ್ನುತ್ತಾರೆ. ನಾಲ್ಕು ತಂತಿಗಳು ಈ ಕುದುರೆಯ ಮೇಲೆ ಹಾಯ್ದು ಹೋಗುತ್ತವೆ. ಮೇಲೆ ತಂತಿ ಬಿಗಿಯುವ ಬಿರಡೆಗಳಿವೆ.

ಕುದುರೆಯ ಬೆನ್ನು ಅಗಲ. ತಂತಿ ಮಿಡಿದಾಗ ಅದು ಕುದುರೆಯ ಬೆನ್ನನ್ನು ಮುಟ್ಟುತ್ತದೆ, ಬಿಡುತ್ತದೆ. ಮತ್ತೆ ಮುಟ್ಟುತ್ತದೆ. ಅದಕ್ಕೇ 'ಝುಂ' ಎಂಬ ನಾದ ಏಳುತ್ತದೆ. ಗಿಟಾರಿನಲ್ಲಿ ತಂತಿ ಹೀಗೆ ತಾಗಿ ಸದ್ದು ಮಾಡಿದರೆ ಅದು ದೋಷ. ತಂಬೂರಿಗೆ ಅದೇ ಜೀವ. ಆದ್ದರಿಂದ 'ಝುಂ' ಒಳ್ಳೆಯದು. 'ಗರ್ ಗರ್', 'ಟರ್ ಟರ್' ಅಂದರೆ ಮಾತ್ರ ಹುಡುಕಬೇಕು.

ಸದ್ದು ಎಲ್ಲಿಂದ ಬರುತ್ತದೆ?

ಒಬ್ಬರು ತಂತಿ ಮಿಡಿಯಿರಿ. ಇನ್ನೊಬ್ಬರು ಕಿವಿಗೊಟ್ಟು ಕೇಳಿರಿ.

1. ಮೊದಲು ನಿಮ್ಮ ಕೈ ನೋಡಿಕೊಳ್ಳಿರಿ. ಬಳೆ ಬುರುಡೆಗೆ ತಾಗುತ್ತಿದೆಯೇ? ಬಳೆ ಹಿಂದಕ್ಕೆ ಸರಿಸಿರಿ. ಎಷ್ಟೋ ಸಲ ಸದ್ದು ಅಲ್ಲಿಗೇ ನಿಲ್ಲುತ್ತದೆ.

2. ತಂತಿಗೆ ಪೋಣಿಸಿದ ಮಣಿ, ತಂತಿಯ ತುದಿ, ಬಿರಡೆ, ಒಂದೊಂದನ್ನೇ ಬೆರಳಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ಯಾವುದನ್ನು ಹಿಡಿದಾಗ ಸದ್ದು ನಿಂತಿತೋ ಅದೇ ಸಡಿಲ ಎಂದು ತಿಳಿಯಿರಿ.

3. ಬಿರಡೆ ಜಾರಿದರೆ ತಂತಿ ಸಡಿಲಾಗುತ್ತದೆ. ನಮ್ಮ ಬ್ಯಾಸಿಗಿಯಲ್ಲಿ ಮರ ಒಣಗಿ ಬಿರಡೆ ಸಡಿಲಾಗುವುದು ಉಂಟು. ಬಿರಡೆಗೆ ಸೀಮೆಸುಣ್ಣದ ಪುಡಿ ಸವರಿ, ಒಳಗೆ ಒತ್ತುತ್ತಾ ತಿರುವಿರಿ. ಬಿಗಿಯುವಾಗ ಮುಖ ದೂರ ಇರಲಿ. ತಂತಿ ಹರಿದರೆ ಕಣ್ಣಿಗೆ ಬಡಿದೀತು.

4. ತಂತಿಗೆ ತುಕ್ಕು ಹಿಡಿದಿದೆಯೇ? ಎಲ್ಲಿಯಾದರೂ ಮಡಚಿದೆಯೇ? ಹಾಗಿದ್ದರೆ ಹೊಸ ತಂತಿ ಹಾಕಿರಿ. ನಾಲ್ಕನ್ನೂ ಒಮ್ಮೆಗೇ ಬಿಚ್ಚಬೇಡಿರಿ. ಒಂದು ಹಾಕಿದ ಮೇಲೆ ಇನ್ನೊಂದು.

ದಾರದ ಗುಟ್ಟು

ಇಷ್ಟಾದರೂ ನಾದ ಸರಿಹೋಗಲಿಲ್ಲವೇ? ಕುದುರೆಯ ಮೇಲೆ ನೋಡಿರಿ. ಪ್ರತಿ ತಂತಿಯ ಕೆಳಗೆ ಸಣ್ಣ ದಾರದ ಎಳೆ ಇರಬೇಕು. ಇದನ್ನು ಜೀವಾಳ ಎನ್ನುತ್ತಾರೆ. ಹೆಸರೇ ಹೇಳುವ ಹಾಗೆ, ತಂಬೂರಿಯ ಜೀವ ಇದರಲ್ಲಿದೆ. ದಾರ ಬಿದ್ದುಹೋದರೆ, ಇಲ್ಲವೇ ಜರುಗಿದರೆ ನಾದ ಒಡೆಯುತ್ತದೆ. ಇಲ್ಲವೇ ಮಂಕಾಗುತ್ತದೆ.

ಮೊದಲು ಒಣ ಬಟ್ಟೆಯಿಂದ ಕುದುರೆಯ ಧೂಳು ಒರೆಸಿರಿ. ತಂತಿಯನ್ನು ಶ್ರುತಿಗೆ ತನ್ನಿರಿ. ಆಮೇಲೆ ಹತ್ತಿಯ ದಾರದ ತುಂಡನ್ನು ತಂತಿ ಮತ್ತು ಕುದುರೆಯ ನಡುವೆ ಸೇರಿಸಿರಿ. ಒಂದು ಕೈಯಿಂದ ತಂತಿ ಮಿಡಿಯುತ್ತಾ ಇನ್ನೊಂದು ಕೈಯಿಂದ ದಾರವನ್ನು ಎಳ್ಳಷ್ಟು, ಎಳ್ಳಷ್ಟೇ ಸರಿಸಿರಿ. ಒಂದು ಜಾಗದಲ್ಲಿ ನಾದ ಹೂವಿನಂತೆ ಅರಳುತ್ತದೆ. ಅಲ್ಲಿಗೆ ಬಿಟ್ಟುಬಿಡಿರಿ. ಉಳಿದ ತಂತಿಗಳಿಗೂ ಹೀಗೆಯೇ ಮಾಡಿರಿ.

ಇದನ್ನು ನೀವು ಮಾಡಬೇಡಿರಿ

ತಂತಿ ತಿಕ್ಕಿ ತಿಕ್ಕಿ ಕುದುರೆಯ ಮೇಲೆ ಗೆರೆ ಬಿದ್ದಿರಬಹುದು. ಆಗ ದಾರದಿಂದ ಕೆಲಸ ಆಗುವುದಿಲ್ಲ. ಕುದುರೆಯನ್ನು ಉಜ್ಜಿ ಹದ ಮಾಡಬೇಕು. ಇದು ಬಲ್ಲವರ ಕೆಲಸ. ಮಹಾರಾಷ್ಟ್ರದ ಮಿರಜ್ ಊರಿನ ಕುಶಲಕರ್ಮಿಗಳು ಇದಕ್ಕೆ ಹೆಸರಾದವರು. 2024ರಲ್ಲಿ ಮಿರಜ್ ತಂಬೂರಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿದೆ. ಮನೆಯಲ್ಲಿ ಅರ ಹಿಡಿದು ಕುದುರೆ ಉಜ್ಜಿದರೆ ಇದ್ದದ್ದೂ ಹೋದೀತು. ಬುರುಡೆ ಸೀಳಿದ್ದರೂ ಬಲ್ಲವರಿಗೇ ತೋರಿಸಿರಿ.

ಏಕತಾರಿಯ ಮಾತು ಬೇರೆ. ಅದಕ್ಕೆ ಚರ್ಮ ಕಟ್ಟಿದ್ದರೆ ಮಳೆಗಾಲದಲ್ಲಿ ಚರ್ಮ ಸಡಿಲಾಗುತ್ತದೆ. ಕುದುರೆ ಕುಸಿಯುತ್ತದೆ, ದನಿ ಇಳಿಯುತ್ತದೆ. ತುಸು ಹೊತ್ತು ಎಳೆ ಬಿಸಿಲಿಗೆ ಇಟ್ಟರೆ ಚರ್ಮ ಬಿಗಿಯಾಗುತ್ತದೆ.

ತಂಬೂರಿಯನ್ನು ಮಾತ್ರ ಬಿಸಿಲಿಗೆ ಇಡಬೇಡಿರಿ. ಒಲೆಯ ಹತ್ತಿರವೂ ಬೇಡ. ಹಳೆಯ ಕೌದಿ ಸುತ್ತಿ ಇಡಿರಿ.

"ತಂಬೂರಿ ಗಣಮಕ್ಕಳ ಕೆಲಸ. ನಮಗೇನು ತಿಳಿತದ?" ಅನ್ನಬೇಡಿರಿ. ಸೂಜಿಗೆ ದಾರ ಪೋಣಿಸಿ ಕೌದಿ ಹೊಲಿಯುವ ಕೈ ನಮ್ಮದು. ಈ ದಾರ ನಮಗೆ ದೊಡ್ಡದೇ? ಹೊಸ ತಂಬೂರಿಗೆ ಸಾವಿರಾರು ರೂಪಾಯಿ ಬೇಕು. ಒಂದು ಎಳೆ ದಾರಕ್ಕೆ ದುಡ್ಡೇ ಬೇಡ.

ಬರುವ ಅಮಾವಾಸ್ಯೆಗೆ ಗೂಟದ ಮೇಲಿನ ತಂಬೂರಿ ಇಳಿಸಿರಿ. ಧೂಳು ಒರೆಸಿರಿ. ಕಿವಿಗೊಟ್ಟು ಕೇಳಿರಿ. ಆಮೇಲೆ ಎಲ್ಲರೂ ಕೂಡಿ ಹಾಡೋಣ.