ಬೋರ್ಡು ಹೋದರೂ ಮಾಲು ಇರುತ್ತೆ!
ಅವಧಿ ಮುಗಿದ ವೆಬ್‌ಸೈಟ್: ಕೈಚೆಲ್ಲುವ ಮೊದಲು ಇಷ್ಟು ಮಾಡಿ

ಕಂಬದೂರು: ಇಲ್ಲಿನ ಮಲ್ಲಿಕಾರ್ಜುನ ದೇವಾಲಯ, ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯ ಕನ್ನಡ ಶಾಸನಗಳು ಗಡಿನಾಡಿನ ಹೆಮ್ಮೆ. ಕಲ್ಲಿನ ಮೇಲಿನ ಅಕ್ಷರ ಸಾವಿರ ವರ್ಷ ಉಳಿದಿದೆ. ಆದರೆ ಅದೇ ಅಕ್ಷರದ ಫೋಟೊ ತೆಗೆದು ವೆಬ್‌ಸೈಟಿಗೆ ಹಾಕಿದರೆ? ಡೊಮೈನ್ ಹೆಸರಿಗೆ ಕಟ್ಟುವ ಹಣ ಒಂದು ವರ್ಷ ಮರೆತರೆ ಸಾಕು, ತಾಣ ಮಾಯ!

'ಅಯ್ಯೋ, ಎಲ್ಲಾ ಹೋಯ್ತು' ಅಂತ ಕೂರಬೇಕಿಲ್ಲ. ಡೊಮೈನ್ ಹೆಸರು ಅಂಗಡಿಯ ಬೋರ್ಡು, ಹೋಸ್ಟಿಂಗ್ ಸರ್ವರ್ ಗೋದಾಮು. ಬೋರ್ಡು ಇಳಿಸಿದ ಮಾತ್ರಕ್ಕೆ ಮಾಲು ಹೋಗಲ್ಲ. ಗೋದಾಮಿನ ಬಾಡಿಗೆ ಮಾತ್ರ ಕಟ್ಟಿರಬೇಕು.

ದೊಡ್ಡವರಿಗೂ ತಪ್ಪಿಲ್ಲ

1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್ ಕಂಪನಿಯೇ ತನ್ನ ಪಾಸ್‌ಪೋರ್ಟ್ ಡಾಟ್ ಕಾಂ ಹೆಸರನ್ನು ನವೀಕರಿಸಲು ಮರೆತಿತ್ತು. ಹಾಟ್‌ಮೇಲ್ ತೆರೆಯದೆ ಜನ ಪರದಾಡಿದರು. ಕೊನೆಗೆ ಮೈಕಲ್ ಚೇನಿ ಎಂಬ ಪ್ರೋಗ್ರಾಮರ್ ಕೈಯಿಂದ 35 ಡಾಲರ್ ಕಟ್ಟಿದರು!

ಎಷ್ಟು ದಿನ ಅವಕಾಶ?

ಡಾಟ್ ಕಾಂ ಹೆಸರಾದರೆ ಅವಧಿ ಮುಗಿದ ಮೇಲೆ ಹೆಚ್ಚೆಂದರೆ 45 ದಿನ ಮಾಮೂಲಿ ನವೀಕರಣಕ್ಕೆ ಅವಕಾಶ ಸಿಗಬಹುದು. ಕೆಲವು ಕಂಪನಿಗಳು ಕಡಿಮೆ ದಿನ ಕೊಡುತ್ತವೆ, ಹರಾಜಿಗೂ ಇಡುತ್ತವೆ. ಹೆಸರು ರದ್ದಾದ ಮೇಲೂ 30 ದಿನದೊಳಗೆ ಹೆಚ್ಚುವರಿ ಶುಲ್ಕ ಕಟ್ಟಿ ಬಿಡಿಸಿಕೊಳ್ಳಬಹುದು. ನಂತರದ 5 ದಿನ ಏನೂ ಮಾಡಲಾಗದು. ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು.

ಫೈಲು ತೆಗೆಯೋದು ಹೇಗೆ?

* ಹೋಸ್ಟಿಂಗ್ ಕಂಪನಿಯ ತಾಣಕ್ಕೇ ಹೋಗಿ ಲಾಗಿನ್ ಆಗಿ. ಕಂಟ್ರೋಲ್ ಪ್ಯಾನೆಲ್‌ನಿಂದ ಇಲ್ಲವೇ ಸರ್ವರಿನ ಐಪಿ ನಂಬರ್ ಹಾಕಿ ಎಫ್‌ಟಿಪಿ ಮೂಲಕ ಫೈಲು ಇಳಿಸಿಕೊಳ್ಳಿ. ಡೇಟಾಬೇಸ್ ಬೇರೆ ಇರುತ್ತೆ, ಅದನ್ನು ಮರೆಯಬೇಡಿ.

* ಹೋಸ್ಟಿಂಗ್ ಅವಧಿಯೂ ಮುಗಿದಿದ್ದರೆ ತಡಮಾಡದೆ ಕಂಪನಿಯವರಲ್ಲಿ ಬ್ಯಾಕಪ್ ಕೇಳಿ.

* ಅಲ್ಲೂ ಇಲ್ಲವೆಂದರೆ, 1996ರಿಂದ ಪುಟಗಳನ್ನು ಕೂಡಿಡುತ್ತಿರುವ ಅಮೆರಿಕದ ಇಂಟರ್ನೆಟ್ ಆರ್ಕೈವ್‌ನ 'ವೇಬ್ಯಾಕ್ ಮಷೀನ್'ನಲ್ಲಿ ಹಳೆಯ ವಿಳಾಸ ಟೈಪ್ ಮಾಡಿ. ಅದು ಉಳಿಸಿಕೊಂಡಿದ್ದಷ್ಟೇ ಸಿಗುತ್ತದೆ. ಎಷ್ಟೋ ಸಲ ಬರಹ ಇರುತ್ತೆ, ಫೋಟೊ ಇರಲ್ಲ.

ಹೆಸರು ಯಾರದು?

ನಮ್ಮ ಕಡೆ ತೊಡಕಾಗುವುದು ಇಲ್ಲೇ. ತಾಣ ಮಾಡಿಕೊಟ್ಟ ಹುಡುಗ ತನ್ನ ಹೆಸರಿನಲ್ಲೇ ನೋಂದಾಯಿಸಿ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಪಾಸ್‌ವರ್ಡೂ ಅವನ ಜತೆಗೇ ಹೋಗುತ್ತದೆ. ಅದೇ ಡೊಮೈನಿನ ಇ-ಮೇಲ್ ಕೊಟ್ಟಿದ್ದರಂತೂ ಹೆಸರು ನಿಂತ ಮೇಲೆ ಎಚ್ಚರಿಕೆ ಪತ್ರವೂ ನಿಮಗೆ ಬರದು. ಹಾಗಾಗಿ ನೋಂದಣಿ ಸಂಘದ ಹೆಸರಿನಲ್ಲಿರಲಿ, ಇ-ಮೇಲ್ ಬೇರೆಯದಿರಲಿ. ಎಲ್ಲ ಫೈಲುಗಳ ಒಂದು ಪ್ರತಿ ಊರಲ್ಲೇ ಪೆನ್‌ಡ್ರೈವ್‌ನಲ್ಲಿರಲಿ. ಕಲ್ಲಿನಷ್ಟು ಗಟ್ಟಿಯಲ್ಲ, ಆದರೂ ಕೈಯಲ್ಲಿರುತ್ತೆ.