ಕೋಲಾರ ಸೀಮೆಯ ಚಿಕ್ಕ ವಕೀಲಿಯೂ ಭೂಕಾಯಿದೆಗಳೂ

ವಕೀಲಿ ವೃತ್ತಿಯ ಚರಿತ್ರೆಯನ್ನು ಬರೆಯುವವರು ಹೈಕೋರ್ಟಿನ ಪ್ರಸಿದ್ಧ ನ್ಯಾಯವಾದಿಗಳನ್ನೇ ದೃಷ್ಟಿಯಲ್ಲಿಟ್ಟುಕೊಳ್ಳುವುದು ವಾಡಿಕೆ. ತಾಲ್ಲೂಕು ಕಸಬೆಯಲ್ಲಿ ಒಂದು ಕೊಠಡಿ, ಒಬ್ಬ ಗುಮಾಸ್ತ, ಅನುಕೂಲವಿದ್ದರೆ ಒಬ್ಬ ಕಿರಿಯ ವಕೀಲ, ಇಷ್ಟರಲ್ಲಿಯೇ ಜೀವಮಾನವನ್ನು ಕಳೆದವರು ಆ ಚರಿತ್ರೆಯೊಳಗೆ ಬರುವುದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಹೇಳುವುದಾದರೆ, ಅಂಥವರ ಏಳುಬೀಳುಗಳನ್ನು ವಾದಕೌಶಲಕ್ಕಿಂತ ಹೆಚ್ಚಾಗಿ, ಕಳೆದ ಎಪ್ಪತ್ತು ವರ್ಷಗಳಲ್ಲಿ ಒಂದರ ಮೇಲೊಂದರಂತೆ ಬಂದ ಭೂಕಾಯಿದೆಗಳು ನಿರ್ಧರಿಸಿವೆಯೆಂಬುದು ನಮ್ಮ ಅಭಿಪ್ರಾಯ.

ಮೊದಲು ಸೀಮೆಯ ಭಾಷಾಸ್ಥಿತಿಯನ್ನು ಗಮನಿಸಬೇಕು. ಆಂಧ್ರದ ಗಡಿಗೆ ತಗುಲಿದ ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಅನೇಕ ಮನೆಗಳ ಮಾತು ತೆಲುಗು. ಮಾಲೂರಿಗೆ ಹೊಸೂರು ಸಮೀಪ. ಪಹಣಿ ಕನ್ನಡದಲ್ಲಿ, ಮೇಲಿನ ನ್ಯಾಯಾಲಯದ ತೀರ್ಪುಗಳು ಇಂಗ್ಲಿಷಿನಲ್ಲಿ. ಕಕ್ಷಿದಾರನು ತೆಲುಗಿನಲ್ಲಿ ಹೇಳಿಕೊಂಡ ಕಷ್ಟವನ್ನು ಕನ್ನಡದ ದಾವಾಪತ್ರವನ್ನಾಗಿಸಿ, ಇಂಗ್ಲಿಷ್ ತೀರ್ಪಿನ ಬಲದಿಂದ ಸಮರ್ಥಿಸುವುದು ಇಲ್ಲಿನ ವಕೀಲರ ದಿನಚರಿ. ಹೊರಗಿನ ದೊಡ್ಡ ಸಂಸ್ಥೆಗಳು ಈ ಕೆಲಸವನ್ನು ಸುಲಭವಾಗಿ ಕಸಿದುಕೊಳ್ಳಲಾರವು.

1954ರ ಮೈಸೂರು ಇನಾಮು ರದ್ದತಿ ಕಾಯಿದೆಯಿಂದ ನಮ್ಮ ವಿಷಯ ಆರಂಭವಾಗುತ್ತದೆ. ವೈಯಕ್ತಿಕ ಇನಾಮು ಗ್ರಾಮಗಳು ಸರ್ಕಾರಕ್ಕೆ ಸೇರಿದ ಮೇಲೆ, ಉಳುವವನು ಕದೀಂ ಗೇಣಿದಾರನೋ, ಖಾಯಂ ಗೇಣಿದಾರನೋ, ಅರೆಖಾಯಂ ಗೇಣಿದಾರನೋ ಎಂಬುದರ ಮೇಲೆ ಅವನ ಹಕ್ಕು ನಿಂತಿತು. ಅನಂತರ 1963ರ ಫೆಬ್ರವರಿ 1ರಂದು ಗ್ರಾಮಾಧಿಕಾರಗಳ ರದ್ದತಿ ಕಾಯಿದೆ ಜಾರಿಗೆ ಬಂದು, ವಂಶಪಾರಂಪರ್ಯವಾದ ಶಾನುಭೋಗಿಕೆ ಕೊನೆಗೊಂಡಿತು. ಯಾವ ಸರ್ವೆ ನಂಬರು ಯಾರ ಅನುಭವದಲ್ಲಿತ್ತೆಂಬುದನ್ನು ಬಾಯಲ್ಲಿಯೇ ಹೇಳಬಲ್ಲ ಶಾನುಭೋಗರು ತೆರೆಯ ಮರೆಗೆ ಸರಿದಾಗ, ಆ ತಿಳಿವಳಿಕೆಯ ಒಂದಂಶವು ವಕೀಲರ ಕಟ್ಟುಗಳಲ್ಲಿ ಉಳಿದುಕೊಂಡಿತು. ಇದೇ ಅವಧಿಯಲ್ಲಿ 1961ರ ಅಡ್ವೊಕೇಟ್ಸ್ ಕಾಯಿದೆಯು ಪ್ಲೀಡರು, ವಕೀಲ ಮುಂತಾದ ಹಳೆಯ ತರಗತಿಗಳನ್ನು ತೊಡೆದು ಒಂದೇ ವರ್ಗವನ್ನು ಸ್ಥಾಪಿಸಿದ್ದನ್ನೂ ಇಲ್ಲಿ ಸ್ಮರಿಸಬಹುದು.

ದೊಡ್ಡ ಪಲ್ಲಟವಾದದ್ದು 1974ರಲ್ಲಿ. ದೇವರಾಜ ಅರಸು ಅವರ ಸರ್ಕಾರವು ತಿದ್ದಿದ ಭೂಸುಧಾರಣಾ ಕಾಯಿದೆಯ ಪ್ರಕಾರ, ಆ ವರ್ಷದ ಮಾರ್ಚ್ 1ರಿಂದ ಗೇಣಿ ಭೂಮಿಯೆಲ್ಲವೂ ಸರ್ಕಾರಕ್ಕೆ ಸೇರಿತು. ಗೇಣಿದಾರರು ಫಾರಂ 7ರಲ್ಲಿ ಅರ್ಜಿ ಸಲ್ಲಿಸಿ ಭೂನ್ಯಾಯಮಂಡಲಿಯಿಂದ ಅಧಿಭೋಗದ ಹಕ್ಕನ್ನು ಪಡೆಯಬೇಕಾಯಿತು. ಅರ್ಜಿಯ ಗಡುವು ಹಲವು ಬಾರಿ ಮುಂದೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಈ ಕಾಯಿದೆಯ 48ನೆಯ ಕಲಮಿನ 8ನೆಯ ಉಪಕಲಮು ವಕೀಲರಿಗೆ ಮಂಡಲಿಯ ಮುಂದೆ ಪ್ರವೇಶವನ್ನೇ ನಿಷೇಧಿಸಿತ್ತು. ಭೂಮಾಲಿಕನು ಹಣದ ಬಲದಿಂದ ಸಮರ್ಥ ವಕೀಲನನ್ನು ನಿಲ್ಲಿಸಿ ಬಡ ಗೇಣಿದಾರನ ಬಾಯಿ ಮುಚ್ಚಿಸಬಾರದೆಂಬ ಉದ್ದೇಶವನ್ನು ತಪ್ಪೆನ್ನಲಾಗದು. ಆದರೆ ಪರಿಣಾಮ ಬೇರೆಯಾಯಿತು. ಜಮೀನಿನ ವ್ಯಾಜ್ಯವೇ ಜೀವಾಳವಾಗಿದ್ದ ತಾಲ್ಲೂಕು ವಕೀಲರಿಗೆ ಅತಿ ದೊಡ್ಡ ಜಮೀನಿನ ವ್ಯವಹಾರ ನಡೆಯುತ್ತಿದ್ದ ಕೊಠಡಿಯ ಬಾಗಿಲು ಮುಚ್ಚಿತು; ಸಿವಿಲ್ ನ್ಯಾಯಾಲಯಕ್ಕೆ ಈ ಪ್ರಶ್ನೆಗಳ ಮೇಲಿದ್ದ ಅಧಿಕಾರವೂ ಹೋಯಿತು. ಮಂಡಲಿಯಲ್ಲಿ ಸೋತವನು ಬೆಂಗಳೂರಿನ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದಾಗ, ಸಾಕ್ಷ್ಯವನ್ನು ಕ್ರಮವಾಗಿ ದಾಖಲಿಸಿಲ್ಲ, ಕಾರಣಗಳನ್ನು ಕೊಟ್ಟಿಲ್ಲವೆಂದು ಆದೇಶ ರದ್ದಾಗಿ ಮಂಡಲಿಗೆ ಮರಳಿದ ಪ್ರಕರಣಗಳು ಅನೇಕ. ಊರಿನ ವಕೀಲರನ್ನು ದೂರವಿಟ್ಟದ್ದರಿಂದ ಗೇಣಿದಾರನಿಗೆ ಉಳಿದ ಖರ್ಚು ಬೆಂಗಳೂರಿನ ದಾರಿಯಲ್ಲಿ ಕರಗಿತೆಂದೇ ನಾವು ತಿಳಿಯುತ್ತೇವೆ. ಕೊನೆಗೆ 1987ರಲ್ಲಿ, ಎಚ್. ಎಸ್. ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ, ಈ ನಿಷೇಧವು ಅಡ್ವೊಕೇಟ್ಸ್ ಕಾಯಿದೆಗೆ ವಿರುದ್ಧವೆಂದು ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಅಷ್ಟರಲ್ಲಿ ಹದಿಮೂರು ವರ್ಷಗಳು ಸಂದಿದ್ದವು.

ಆ ಫಾರಂ 7 ಇಂದು ಹೊಸ ವೇಷದಲ್ಲಿ ಮರಳಿ ಬಂದಿದೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ನೀಡುವ ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಯಾದರೂ ಅದು ಆಗ ಮದುವೆಯಾಗದಿದ್ದವರಿಗೆ ಮಾತ್ರ ಸಂದಿತು. 2005ರ ಕೇಂದ್ರ ತಿದ್ದುಪಡಿಯೂ 2020ರ ವಿನೀತಾ ಶರ್ಮ ತೀರ್ಪೂ ಆ ಹಕ್ಕನ್ನು ವಿಸ್ತರಿಸಿದವು. ಇತ್ತ ನರಸಾಪುರ, ವೇಮಗಲ್, ಮಾಲೂರುಗಳ ಕೈಗಾರಿಕಾ ಪ್ರದೇಶಗಳಿಂದಾಗಿ ಜಮೀನಿನ ಬೆಲೆ ಏರಿತು. ಸ್ವಾಧೀನದ ಪರಿಹಾರಧನ ಬಂದೊಡನೆ ಪಾಲಿನ ದಾವೆಯೂ ಬರುತ್ತದೆ. ತಾತನು ಫಾರಂ 7 ಸಲ್ಲಿಸಿದ್ದು ತನಗಾಗಿಯೋ ಅವಿಭಕ್ತ ಕುಟುಂಬಕ್ಕಾಗಿಯೋ ಎಂಬುದು ಅಂಥ ದಾವೆಗಳಲ್ಲಿ ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಆ ಅರ್ಜಿಯ ಹಳೆಯ ನಕಲಿನಲ್ಲಿದೆ. ನಕಲು ಇದ್ದರೆ ಯಾವುದೋ ಹಿರಿಯ ವಕೀಲರ ಕಟ್ಟಿನಲ್ಲಿದೆ.

ಹೀಗೆಂದು ಪಾಲಿನ ದಾವೆಗಳಿಂದಲೇ ಕೊಠಡಿ ನಡೆಯುವುದಿಲ್ಲ. ಅವು ವರ್ಷಗಟ್ಟಲೆ ಎಳೆಯುತ್ತವೆ, ಶುಲ್ಕವು ಕಂತುಕಂತಾಗಿ ಬರುತ್ತದೆ. ಗೆದ್ದ ಆಸ್ತಿಯಲ್ಲಿ ಪಾಲು ಕೇಳುವುದಕ್ಕೂ ಜಾಹೀರಾತು ಕೊಡುವುದಕ್ಕೂ ಬಾರ್ ಕೌನ್ಸಿಲಿನ ನಿಯಮಗಳು ಅವಕಾಶ ಕೊಡುವುದಿಲ್ಲ. ಬಾಡಿಗೆ, ಗುಮಾಸ್ತನ ಸಂಬಳ ಇವು ಹುಟ್ಟುವುದು ಪ್ರಮಾಣಪತ್ರ, ನೋಟೀಸು, ಜಾಮೀನು ಅರ್ಜಿಗಳಿಂದ. ಬೆಂಗಳೂರು–ಚೆನ್ನೈ ಹೆದ್ದಾರಿಯ ಅಪಘಾತ ಪರಿಹಾರದ ಅರ್ಜಿಗಳಿಂದ. ಸಾಲಕ್ಕೂ ಮುಂಗಡಕ್ಕೂ ಕೊಟ್ಟ ಚೆಕ್ಕು ಅಮಾನ್ಯವಾದ ಪ್ರಕರಣಗಳಿಂದ. ಈ ಕೊನೆಯ ಬಗೆಯವು 1989ರ ಏಪ್ರಿಲಿನಿಂದೀಚೆಗೆ ಅಪರಾಧವಾಗಿ ಪರಿಗಣಿತವಾದಂಥವು. ಅವು ಇಲ್ಲದಿದ್ದರೆ ಎಷ್ಟೋ ಕಿರಿಯರು ಮೊದಲ ವರ್ಷಗಳನ್ನು ದಾಟುತ್ತಿರಲಿಲ್ಲವೇನೋ.

ಗಣಕೀಕರಣದ ವಿಷಯದಲ್ಲಿ ಅತಿಶಯೋಕ್ತಿ ಸಲ್ಲದು. ಭೂಮಿ ಯೋಜನೆಯ ತರುವಾಯ ಪಹಣಿಯನ್ನು ಯಾರು ಬೇಕಾದರೂ ಪಡೆಯಬಹುದು, ಮುಂದಿನ ವಿಚಾರಣೆಯ ದಿನಾಂಕವನ್ನು ಕಕ್ಷಿದಾರನೇ ತನ್ನ ದೂರವಾಣಿಯಲ್ಲಿ ನೋಡುತ್ತಾನೆ. ಇದರಿಂದ ಗುಮಾಸ್ತನ ಓಡಾಟ ತಗ್ಗಿತು, ಅಷ್ಟೆ. ಒಂದು ಹೆಸರು ಪಹಣಿಗೆ ಹೇಗೆ ಬಂತೆಂಬುದನ್ನು ಆ ಹಾಳೆಯು ಹೇಳುವುದಿಲ್ಲ. 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು ರದ್ದಾಗಿ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದಾದ ಮೇಲಂತೂ, ಹಿಂದಿನ ಐವತ್ತು ವರ್ಷಗಳ ಹಕ್ಕುಬದಲಾವಣೆಯನ್ನು ಬಿಡಿಸಿ ಹೇಳಬಲ್ಲವರ ಅಗತ್ಯ ಹೆಚ್ಚಿದೆ.

ಆದುದರಿಂದ ಕಟ್ಟುಗಳ ಗತಿಯೇನೆಂಬುದು ವೃತ್ತಿಗೂ ನಮ್ಮ ವಿಭಾಗಕ್ಕೂ ಸಮಾನವಾದ ಪ್ರಶ್ನೆ. ಕಿರಿಯರು ಕೊಠಡಿಯನ್ನು ವಹಿಸಿಕೊಂಡಲ್ಲಿ ಅವು ಉಳಿಯುತ್ತವೆ. ಮಕ್ಕಳು ಬೇರೆ ಉದ್ಯೋಗ ಹಿಡಿದು ಬೆಂಗಳೂರು ಸೇರಿದಲ್ಲಿ ಹಳೆಯ ಕಾಗದದ ತೂಕಕ್ಕೆ ಹೋಗುತ್ತವೆ. ಅವುಗಳನ್ನು ಹಾಗೆಯೇ ತಂದು ಗ್ರಂಥಾಲಯದಲ್ಲಿಡುವಂತೆಯೂ ಇಲ್ಲ. ಕಕ್ಷಿದಾರನು ನಂಬಿ ಹೇಳಿದ್ದನ್ನು ವಕೀಲರು ಹೊರಗೆಡಹಬಾರದೆಂಬ, 1872ರ ಸಾಕ್ಷ್ಯ ಕಾಯಿದೆಯ 126ನೆಯ ಕಲಮಿನ ಕಟ್ಟಳೆಯು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಮುಂದುವರಿದಿದೆ. ವಕಾಲತ್ತು ಮುಗಿದ ಮೇಲೂ ಅದು ಸಡಿಲವಾಗುವುದಿಲ್ಲ. ಅರ್ಜಿ, ಆದೇಶ, ಪ್ರಮಾಣಿತ ನಕಲುಗಳನ್ನು ಖಾಸಗಿ ಟಿಪ್ಪಣಿಗಳಿಂದ ಬೇರ್ಪಡಿಸಿ ಪಟ್ಟಿಮಾಡುವುದು ಸಾಧ್ಯ. ಆದರೆ ಅದನ್ನು ಆ ವಕೀಲರು ಬದುಕಿರುವಾಗ, ಅವರ ಎದುರಿನಲ್ಲಿಯೇ ಮಾಡಬೇಕು.